ತಪ್ಪು ಈ ಸಾಲಿನಲ್ಲಿದೆ

ನಾನು ಹಲ್ಲಿನ ಡಾಕ್ಟರು. ಅನುಮಾನವೇ ನನ್ನ ಕಸುಬು. ಕೆಳಗಿನ ಹಲ್ಲು ನೋಯುತ್ತಿದೆ ಎಂದು ರೋಗಿ ಬೆರಳಿಟ್ಟು ತೋರಿಸಿದರೆ ನಾನು ಮೇಲಿನದನ್ನೂ ತಟ್ಟಿ ನೋಡುತ್ತೇನೆ. ಈ ಚಾಳಿ ಕ್ಲಿನಿಕ್ಕಿನಲ್ಲೇ ಉಳಿಯುವುದಿಲ್ಲ, ನನ್ನ ಹಿಂದೆಯೇ ಮನೆಗೂ ಬರುತ್ತದೆ. ಹಾಗಾಗಿ ನನ್ನ ಹೆಂಡತಿ ಊಟದ ತಟ್ಟೆಯ ಮುಂದೆ ಮಾತಿಲ್ಲದೆ ಕೂತ ದಿನವೇ ನನ್ನ ತಲೆಗೆ ಹುಳ ಹೊಕ್ಕಿತು.

ಅವಳು ರಕ್ತ ಪರೀಕ್ಷಿಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಾಳೆ, ಅದೂ ಫಂಕ್ಷನಲ್ ಎಂಬ ಬಗೆಯ ಕಂಪ್ಯೂಟರ್ ಭಾಷೆಯಲ್ಲಿ. ಅಲ್ಲಿ ಯಾವ ಲೆಕ್ಕದಿಂದ ಎಂಥ ಉತ್ತರ ಬರುತ್ತದೆ, ಸಂಖ್ಯೆಯೋ ಪದವೋ ಎಂಬುದಕ್ಕೆ ಟೈಪ್ ಎನ್ನುತ್ತಾರೆ. ಟೈಪುಗಳು ಒಂದಕ್ಕೊಂದು ಹೊಂದದಿದ್ದರೆ ಕಂಪೈಲರ್ ಎಂಬ ತಪಾಸಣೆಯವನು ಪ್ರೋಗ್ರಾಮನ್ನು ಬಾಗಿಲಲ್ಲೇ ತಡೆದು, ಕೆಂಪಕ್ಷರದಲ್ಲಿ ದೂರು ಬರೆಯುತ್ತಾನೆ. ಎಷ್ಟೋ ದಿನಗಳಿಂದ ಆ ದೂರು ನನ್ನವಳ ಸಾಲಿನ ಮೇಲೆಯೇ ಬರುತ್ತಿತ್ತು.

"ತಪ್ಪು ಈ ಸಾಲಿನಲ್ಲಿದೆ ಅನ್ನುತ್ತೆ. ಯಂತ್ರ ಏನು ಮಾಡ್ಬೇಕು ಅಂತ ಬರೆದಿಟ್ಟ ಒಪ್ಪಂದದ ಪ್ರಕಾರವೇ ನಾನು ಬರೆದಿದೀನಿ. ಮ್ಯಾನೇಜರ್ ಕೇಳ್ತಾನೇ ಇಲ್ಲ. ಕಂಪೈಲರ್ ನಿಮ್ಮ ಸಾಲನ್ನೇ ತೋರಿಸ್ತಿದೆಯಲ್ಲ ಅಂತಾರೆ. ಸೋಮವಾರಕ್ಕೆ ಸರಿಹೋಗದಿದ್ರೆ ಈ ಕೆಲಸದಿಂದ ನನ್ನನ್ನ ತೆಗೀತಾರಂತೆ."

"ಬೆಣ್ಣೆ ಏನಂದ?" ಎಂದೆ. ಬೆಣ್ಣೆ ಎಂದರೆ ಅವಳ ಜೊತೆ ಕೆಲಸ ಮಾಡುವವನು. ಮಾತು ಅಷ್ಟು ನುಣುಪು ಎಂದು ನಾನೇ ಇಟ್ಟ ಹೆಸರು. ಪ್ರೋಗ್ರಾಮಿನ ಒಂದೇ ಪಟ್ಟಿಯಲ್ಲಿ ಅವನು ಬರೆದದ್ದು ಮೇಲಿನ ಸಾಲು, ಇವಳದು ಕೆಳಗಿನದು.

"ಪಾಪ, ಸಮಾಧಾನ ಹೇಳಿದ. ತಪ್ಪು ಯಾರಿಗಾದ್ರೂ ಆಗುತ್ತೆ ಮೇಡಂ ಅಂದ."

ಕೇಳದೆ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅವನೇ ಇವಳ ಫೈಲಿಗೆ ಕೈ ಹಾಕಿ ಕೆಡಿಸುತ್ತಿದ್ದಾನೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಇದರಲ್ಲೊಂದು ತಮಾಷೆಯಿದೆ, ಆಗ ನಗು ಬರಲಿಲ್ಲ ಅಷ್ಟೆ. ಆ ಕಂಪೈಲರಿನ ದೂರುಗಳನ್ನು ಬರೆಯುವವಳು ನನ್ನ ಅಮ್ಮ. ಅದನ್ನು ತಯಾರಿಸುವ ಕಂಪನಿಯಲ್ಲಿ ಅವಳ ತಲೆ ನರೆತಿದೆ. ಮೊದಲು ಒಂದು ದೂರು ಒಂದು ಪುಟ ಇರುತ್ತಿತ್ತಂತೆ, ಓದಿದವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತಂತೆ. ಅಮ್ಮ ಹಠ ಹಿಡಿದು ಅದನ್ನು ಒಂದು ವಾಕ್ಯಕ್ಕೆ ಇಳಿಸಿದಳು. ಎಷ್ಟು ಸರಳವಾಯಿತು ಎಂದು ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದರು. ನನ್ನವಳು ಮಾತ್ರ ಅತ್ತೆಯ ಸಹಾಯ ಕೇಳುವವಳಲ್ಲ. ಕೇಳದೆ ಕೊಡುವ ಜಾಯಮಾನ ಅಮ್ಮನದೂ ಅಲ್ಲ.

ಕೊನೆಗೆ ನಾನೇ ಅಡುಗೆಮನೆಯಲ್ಲಿ ಅಮ್ಮನ ಕಿವಿಗೆ ಹಾಕಿದೆ. ಬೆಣ್ಣೆಯ ಕಥೆಯನ್ನೂ ಹೇಳಿದೆ.

"ಯಾರೋ ಕೈ ಹಾಕಿದ್ರೆ ಅವಳಿಗೆ ಗೊತ್ತಾಗಲ್ವೇನೋ?" ಅಮ್ಮ ಪಾತ್ರೆ ಒರೆಸುತ್ತಲೇ ಅಂದಳು. "ಕಂಪೈಲರಿಗೆ ಯಾರ ಮೇಲೂ ಹಗೆ ಇಲ್ಲ. ಅವಳ ಸಾಲು ಅಂದ್ರೆ ಅವಳದೇ ತಪ್ಪು. ಒಪ್ಪಿಕೊಳ್ಳೋಕೆ ಕಷ್ಟ ಆಗ್ತಿರಬೇಕು."

ನಾನು ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಖಾಲಿ ಲೋಟವನ್ನು ಸಿಂಕಿನಲ್ಲಿಟ್ಟು ಹೋದಳು.

ಭಾನುವಾರ ಬೆಳಿಗ್ಗೆ ನನ್ನ ಕಾಟ ತಡೆಯಲಾರದೆ ಅಮ್ಮ ಊಟದ ಮೇಜಿನ ಬಳಿ ಸೊಸೆಯ ಪಕ್ಕ ಕೂತಳು. ತನ್ನನ್ನು ಹಿಡಿದುಹಾಕಲು ಬಂದಿದ್ದಾರೆ ಎಂಬಂತೆ ಇವಳು ಲ್ಯಾಪ್‌ಟಾಪನ್ನು ಸ್ವಲ್ಪವೇ ಆ ಕಡೆ ತಿರುಗಿಸಿದಳು. ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂಬಂತೆ ಅಮ್ಮ ಕನ್ನಡಕ ಏರಿಸಿ ಬಗ್ಗಿದಳು. ನಾನು ಇಬ್ಬರನ್ನೂ ಅನುಮಾನಿಸುತ್ತಾ ನಿಂತೆ.

"ಸರಿ, ಸ್ವಲ್ಪ ಕೊಡಮ್ಮ ಇಲ್ಲಿ," ಎಂದ ಅಮ್ಮ ಪಟ್ಟಿಯ ಎರಡು ಸಾಲುಗಳನ್ನು ಅದಲುಬದಲು ಮಾಡಿದಳು. ಇವಳದು ಮೇಲೆ, ಬೆಣ್ಣೆಯದು ಕೆಳಗೆ. ಒಂದಕ್ಷರವನ್ನೂ ತಿದ್ದಲಿಲ್ಲ.

ಕೆಂಪಕ್ಷರ ಮತ್ತೆ ಬಂತು. ತಪ್ಪು ಈ ಸಾಲಿನಲ್ಲಿದೆ. ಈ ಸಲ ಅದು ತೋರಿಸಿದ್ದು ಬೆಣ್ಣೆಯ ಸಾಲನ್ನು.

ಅಮ್ಮ ಸಾಲುಗಳನ್ನು ಮೊದಲಿನಂತೆಯೇ ಇಟ್ಟಳು. ದೂರು ಮತ್ತೆ ಇವಳ ತಲೆಗೆ ಬಂತು.

"ಪಟ್ಟಿಯಲ್ಲಿ ಎಲ್ಲಾದರ ಟೈಪೂ ಒಂದೇ ಇರಬೇಕು," ಅಮ್ಮ ನಿಧಾನವಾಗಿ ಹೇಳಿದಳು. "ಅದು ಮೇಲಿಂದ ಓದ್ಕೊಂಡು ಬರುತ್ತೆ. ಮೊದಲು ಸಿಕ್ಕಿದ್ದನ್ನ ಸರಿ ಅಂದ್ಕೊಳ್ಳುತ್ತೆ. ಆಮೇಲೆ ಬಂದದ್ದು ಹೊಂದಲಿಲ್ಲ ಅಂದ್ರೆ ಅದನ್ನ ದೂರುತ್ತೆ. ಹಳೇ ದೂರಿನಲ್ಲಿ ಹೊಂದದ ಎರಡೂ ಸಾಲು ಇರ್ತಿತ್ತು. ಸುಲಭ ಆಗ್ಲಿ ಅಂತ ನಾನೇ ಒಂದನ್ನ ತೆಗೆದುಹಾಕಿದ್ದು."

ಒಪ್ಪಂದ ತೆಗೆದು ನೋಡಿದರು. ರಕ್ತ ಸಾಲದಿದ್ದರೆ ಯಂತ್ರ 'ಉತ್ತರ ಇಲ್ಲ' ಎನ್ನಬೇಕಿತ್ತು. ಇವಳ ಸಾಲು ಅದಕ್ಕೆ ಜಾಗ ಇಟ್ಟಿತ್ತು. ಬೆಣ್ಣೆಯ ಸಾಲು ಉತ್ತರ ಯಾವಾಗಲೂ ಇದ್ದೇ ಇರುತ್ತದೆ ಎಂದು ಹೊರಟಿತ್ತು. ಅವನಿಗೆ ಹೊಂದಿಸಲು ಇವಳು ತನ್ನದನ್ನು ತಿದ್ದಿದ್ದರೆ ಖಾಲಿ ನಳಿಗೆಗೂ ಯಂತ್ರ ಒಂದು ಸಂಖ್ಯೆ ಕೊಡುತ್ತಿತ್ತು, ಯಾವುದೋ ರೋಗಿ ಅದನ್ನು ನಂಬುತ್ತಿದ್ದ. ನನ್ನ ತೀರ್ಮಾನವೂ ನೆಗೆದುಬಿತ್ತು. ಇವಳ ಫೈಲನ್ನು ಯಾರೂ ಮುಟ್ಟಿರಲಿಲ್ಲ.

ಸೋಮವಾರ ಇವಳು ಮ್ಯಾನೇಜರ ಮುಂದೆಯೇ ಸಾಲುಗಳನ್ನು ಅದಲುಬದಲು ಮಾಡಿ ತೋರಿಸಿದಳು. ಕೆಲಸ ಉಳಿಯಿತು. ಬೆಣ್ಣೆ, "ಅಯ್ಯೋ, ನಂಗೆ ಹೊಳೀಲೇ ಇಲ್ಲ ಮೇಡಂ," ಎಂದನಂತೆ. ಅದನ್ನು ನಾನು ಇವತ್ತಿಗೂ ನಂಬಿಲ್ಲ, ಆ ಮಾತು ಬೇರೆ.

ಅಮ್ಮ ಕಂಪನಿಯಲ್ಲಿ ಎಲ್ಲರೊಡನೆ ಕಾದಾಡಿ ದೂರನ್ನು ಮತ್ತೆ ಬರೆದಳು. ಒಂದು ಸಂಜೆ ಅದನ್ನು ಸೊಸೆಯ ಮುಂದಿಟ್ಟಳು. 'ಈ ಎರಡು ಸಾಲುಗಳು ಹೊಂದುತ್ತಿಲ್ಲ. ಮೇಲಿನದು ಉತ್ತರ ಯಾವಾಗಲೂ ಇರುತ್ತದೆ ಎನ್ನುತ್ತದೆ. ಕೆಳಗಿನದು ಇಲ್ಲದೆಯೂ ಇರಬಹುದು ಎನ್ನುತ್ತದೆ. ಯಾವುದು ಸರಿ ಎಂದು ನನಗೆ ಗೊತ್ತಿಲ್ಲ.'

ಇವಳು ಎರಡು ಸಲ ಓದಿ, "ಚೆನ್ನಾಗಿದೆ ಅತ್ತೆ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

"ಇನ್ನೂ ಸಿಟ್ಟೇನಮ್ಮಾ? ಹಾಗೆ ಬರೆದಿದ್ದಕ್ಕೆ?"

"ಬರೆದಿದ್ದಕ್ಕಲ್ಲ ಅತ್ತೆ. ಅದು ಹೇಗೆ ಓದುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಮ್ಯಾನೇಜರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಆದ್ರೂ ನನ್ನ ಒಂದು ಮಾತು ಕೇಳದೆ ಅದನ್ನೇ ನಂಬಿದ್ರಲ್ಲ."

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಹೌದು," ಎಂದಳು. "ನಂಬಿಬಿಟ್ಟೆ."