ಸಣ್ಣ ಸೊಸೆ ಸಿಂಗರಿಸಿದ ಮರ

"ಈ ಸಲ ನೀನು ಬೇಗ ಬರ್ಬೇಕಂತೇನಿಲ್ಲ, ಹಾರಿನ್ ಅಮ್ಮ. ಮರದ ಸಿಂಗಾರ ಸೇರೊಮ್ ನೋಡ್ಕೋತಾಳಂತೆ. ನೀನು ಪ್ರಾರ್ಥನೆ ಹೊತ್ತಿಗೆ ಬಂದ್ರೆ ಸಾಕು" ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ಯೊಂಜು, "ಒಳ್ಳೇದಾಯ್ತು ಬಿಡಿ ಅತ್ತೆ" ಎಂದಳು. ಫೋನಿಟ್ಟ ಮೇಲೆ ಸಿಂಕಿನಲ್ಲಿದ್ದ ಒಂದೇ ಪಾತ್ರೆಯನ್ನು ಬಹಳ ಹೊತ್ತು ಉಜ್ಜುತ್ತ ನಿಂತಳು.

ಗುನ್ಸಾನ್ ಪಟ್ಟಣದಲ್ಲಿ ಬಂದರಿಗೆ ಹತ್ತಿರದ ಅತ್ತೆಯ ಮನೆಗೆ ಹಿರಿಸೊಸೆಯಾದ ವರ್ಷದಿಂದ ಕ್ರಿಸ್‌ಮಸ್ ಮರ ಅವಳ ಪಾಲಿನ ಕೆಲಸವಾಗಿತ್ತು. ಅವಳು ಅದನ್ನು ಪ್ರೀತಿಯಿಂದ ಮಾಡಿದ್ದೇನೂ ಇಲ್ಲ. ಬಾಲ್ಕನಿಯ ಕಪಾಟಿನಿಂದ ಪ್ಲಾಸ್ಟಿಕ್ ಮರದ ಡಬ್ಬ ಇಳಿಸಬೇಕು, ದೂಳಿಗೆ ಸೀನಬೇಕು, ಒಂದೊಂದೇ ಕೊಂಬೆ ಬಿಡಿಸಬೇಕು. ಅತ್ತೆ ಸೋಫಾದಲ್ಲಿ ಕೂತು, "ಎಡಕ್ಕೆ. ಇನ್ನೂ ಸ್ವಲ್ಪ ಕೆಳಗೆ" ಎನ್ನುತ್ತಿದ್ದರು. ಮನೆಗೆ ಹೋದಮೇಲೆ ಯೊಂಜು ಗಂಡ ದೂಸೊಕ್‌ನ ಮುಂದೆ, "ನಿಮ್ಮಮ್ಮಂಗೆ ಮರ ಬೇಕು, ಬೆನ್ನು ಮಾತ್ರ ನಂದು" ಎಂದು ಗೊಣಗುತ್ತಿದ್ದಳು. ಈಗ ಆ ಕೆಲಸ ಕೈತಪ್ಪಿದೆ ಎಂದ ಕೂಡಲೇ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು.

ಮೈದುನ ಇನ್‌ಸೊಕ್‌ನ ಮದುವೆಯಾಗಿದ್ದು ಅದೇ ವಸಂತದಲ್ಲಿ. ಸ್ವಂತ ಮನೆ ಸಿದ್ಧವಾಗುವವರೆಗೆ ಅವನೂ ಹೆಂಡತಿ ಸೇರೊಮ್ಮೂ ಅತ್ತೆಯ ಜೊತೆಗಿದ್ದರು. ಸೇರೊಮ್ ಬಂದ ವಾರದಲ್ಲೇ ಅತ್ತೆಯನ್ನು "ಅಮ್ಮ" ಎಂದು ಕರೆಯತೊಡಗಿದ್ದಳು. ಅತ್ತೆಯೂ ಅವಳನ್ನು ಹೆಸರು ಹಿಡಿದು, "ಕಂದ" ಸೇರಿಸಿ ಕರೆಯುತ್ತಿದ್ದರು. ಯೊಂಜುವಿನ ಹೆಸರನ್ನು ಅತ್ತೆಯ ಬಾಯಲ್ಲಿ ಕೇಳಿ ವರ್ಷಗಳೇ ಆಗಿದ್ದವು. ಮಗಳು ಹಾರಿನ್ ಹುಟ್ಟಿದ ದಿನದಿಂದ ಅವಳು ಬರೀ ಹಾರಿನ್ ಅಮ್ಮ.

ಚರ್ಚಿನ ಹೆಂಗಸರು ಮನೆಗೆ ಬಂದು ಮಾಡುವ ಪ್ರಾರ್ಥನೆ ಇದ್ದದ್ದು ಸಂಜೆಗೆ. ಯೊಂಜು ಮಧ್ಯಾಹ್ನವೇ ಹುಳಿ ಬರಿಸಿದ ಮೂಲಂಗಿ ಉಪ್ಪಿನಕಾಯಿ ಕಿಮ್ಚಿಯ ಡಬ್ಬ ಹಿಡಿದು ಹೊರಟಳು. ಕೊಡುವ ನೆಪವೊಂದಾದರೂ ಬೇಕಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ನಗು ಕೇಳಿಸಿತು. ಅತ್ತೆ ಸೋಫಾದಲ್ಲಿ ಇರಲಿಲ್ಲ. ಮರದ ಪಕ್ಕದಲ್ಲಿ ನಿಂತು, ಕುತ್ತಿಗೆಗೆ ಚಿನ್ನದ ಬಣ್ಣದ ರಿಬ್ಬನ್ ಸುತ್ತಿಕೊಂಡು, ಸೇರೊಮ್ ಕೇಳಿದಾಗೆಲ್ಲ ಒಂದೊಂದು ತುಂಡು ಕತ್ತರಿಸಿ ಕೊಡುತ್ತಿದ್ದರು. ಇಷ್ಟು ವರ್ಷದಲ್ಲಿ ಅತ್ತೆ ಮರದ ಪಕ್ಕ ನಿಂತಿದ್ದನ್ನು ಯೊಂಜು ನೋಡಿರಲೇ ಇಲ್ಲ.

"ಅಯ್ಯೋ, ಬಂದೇಬಿಟ್ಯಾ? ಸಂಜೆಗೆ ಬಾ ಅಂದಿದ್ನಲ್ಲ" ಎಂದರು ಅತ್ತೆ.

"ಕಿಮ್ಚಿ ಚೆನ್ನಾಗಿ ಹುಳಿ ಬಂದಿತ್ತು ಅತ್ತೆ. ನಾಳೆಗೆ ಜಾಸ್ತಿ ಆಗತ್ತೆ ಅಂತ ತಂದೆ."

"ಅಕ್ಕ, ನೋಡಿ ಹೇಗಿದೆ. ಈ ಸಲ ಬರೀ ಬಿಳಿ, ಚಿನ್ನದ ಬಣ್ಣ ಎರಡೇ" ಎಂದಳು ಸೇರೊಮ್.

ಮರ ಚೆನ್ನಾಗಿತ್ತು. ಅದೇ ಯೊಂಜುವಿಗೆ ಸಂಕಟ. ಗಾಜಿನ ಗುಂಡುಗಳು ಒಂದಕ್ಕೊಂದು ತಾಗದಂತೆ, ಒಳಗಿನ ದೀಪ ಕಾಣುವಂತೆ ತೂಗುತ್ತಿದ್ದವು. ಯೊಂಜು ಬಸಿರಿಯಾಗಿದ್ದಾಗ ಕೂತು ಹೊಲಿದಿದ್ದ ಬಟ್ಟೆಯ ಹಕ್ಕಿಗಳು ಶೂ ಡಬ್ಬದೊಳಗೆ ಒಂದರ ಮೇಲೊಂದು ಬಿದ್ದುಕೊಂಡು ಮೂಲೆಯಲ್ಲಿದ್ದವು.

"ಬಣ್ಣಕ್ಕೆ ಹೊಂದಲಿಲ್ಲ ಅಕ್ಕ. ಎಸೆದಿಲ್ಲ, ಜೋಪಾನವಾಗಿ ಇಟ್ಟಿದ್ದೀನಿ."

"ಎಸೆದ್ರೂ ಪರ್ವಾಗಿಲ್ಲ. ಹಳೇವು."

ಆಗಲೇ ಯೊಂಜುವಿನ ಕಣ್ಣು ಮರದ ಬುಡಕ್ಕೆ ಹೋಯಿತು. ಕಬ್ಬಿಣದ ಆ ಸ್ಟ್ಯಾಂಡಿನ ಒಂದು ಕಾಲು ಎಂದೋ ಬಿರುಕು ಬಿಟ್ಟಿತ್ತು. ಪ್ರತಿ ವರ್ಷ ಅವಳು ಅದರ ಕೆಳಗೆ ರಟ್ಟು ಮಡಿಸಿ ಇಟ್ಟು, ಕಾಂಡವನ್ನು ದಾರದಿಂದ ಕಿಟಕಿಯ ಕೊಕ್ಕೆಗೆ ಕಟ್ಟುತ್ತಿದ್ದಳು. ಸೇರೊಮ್ ಮರವನ್ನು ಕಿಟಕಿಯಿಂದ ದೂರ, ಹಾಲ್‌ನ ನಡುವೆ ನಿಲ್ಲಿಸಿದ್ದಳು. ರಟ್ಟೂ ಇಲ್ಲ, ದಾರವೂ ಇಲ್ಲ. ಹೇಳಬೇಕೆಂದು ಯೊಂಜು ಬಾಯಿ ತೆರೆದಳು.

"ಅಮ್ಮ, ನಕ್ಷತ್ರ ನೀವೇ ಇಡಿ. ನಿಮ್ಮ ಮನೆ ಮರ, ನಿಮ್ಮ ಕೈಯಿಂದಾನೇ ಆಗ್ಲಿ" ಎಂದಳು ಸೇರೊಮ್ ಅಷ್ಟರಲ್ಲಿ.

"ನನ್ನ ಕೈಲಾ? ಇಷ್ಟು ವರ್ಷ ಯಾರೂ ನನ್ನ ಕೇಳೇ ಇಲ್ಲ ನೋಡು" ಎಂದು ಅತ್ತೆ ಚಿಕ್ಕ ಹುಡುಗಿಯ ಹಾಗೆ ನಕ್ಕರು.

ಯೊಂಜು ಬಾಯಿ ಮುಚ್ಚಿಕೊಂಡಳು. ಕಿಮ್ಚಿ ಡಬ್ಬ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಫ್ರಿಜ್ಜಿನ ಬಾಗಿಲು ಹಾಕುವ ಮೊದಲೇ ಹಾಲ್‌ನಲ್ಲಿ ಗಾಜು ಒಡೆದ ಸದ್ದು, ಜೊತೆಗೆ ಅತ್ತೆಯ ಕೂಗು.

ಓಡಿ ಬಂದು ನೋಡಿದರೆ ಮರ ಅಡ್ಡ ಬಿದ್ದಿತ್ತು. ಅತ್ತೆ ನೆಲದ ಮೇಲೆ ಕೂತುಬಿಟ್ಟಿದ್ದರು, ಅಂಗೈಯಲ್ಲಿ ರಕ್ತ. ಸೇರೊಮ್ ಮುಖ ಬಿಳುಚಿಕೊಂಡು, "ನಂದೇ ತಪ್ಪು ಅಮ್ಮ, ನಾನೇ ಸರಿಯಾಗಿ ನಿಲ್ಸಿಲ್ಲ" ಎನ್ನುತ್ತಿದ್ದಳು. ಯೊಂಜು ಅತ್ತೆಯನ್ನು ಎಬ್ಬಿಸಿ ಕೂರಿಸಿ, ಗಾಯ ತೊಳೆದು ಪಟ್ಟಿ ಹಾಕಿದಳು. ಗಾಯ ಸಣ್ಣದು, ಮೂಳೆಗೇನೂ ಆಗಿರಲಿಲ್ಲ.

ಅತ್ತೆ ಬಿದ್ದ ಮರದ ಸ್ಟ್ಯಾಂಡಿನ ಬಿರುಕು ಬಿಟ್ಟ ಕಾಲನ್ನೇ ನೋಡುತ್ತ ಮೆಲ್ಲಗೆ ಕೇಳಿದರು. "ಆ ಕಾಲಿನ ವಿಷ್ಯ ನಿಂಗೆ ಮರ್ತೋಗಿತ್ತಾ? ವರ್ಷಾ ವರ್ಷಾ ನೀನು ರಟ್ಟು ಇಡೋದನ್ನ ನೋಡಿದ್ದೆ. ಏನಕ್ಕೆ ಅಂತ ನಾನೇ ಯಾವತ್ತೂ ಕೇಳಲಿಲ್ಲ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ಇಲ್ಲ ಅತ್ತೆ. ಮರ್ತಿರ್ಲಿಲ್ಲ" ಎಂದಳು ಯೊಂಜು.

ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೇರೊಮ್ ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು. "ಹೇಳ್ಬಹುದಿತ್ತಲ್ಲ ಅಕ್ಕ."

"ಹೇಳ್ಬಹುದಿತ್ತು."

"ಅಮ್ಮನ ತಲೆಗೆ ಏಟಾಗಿದ್ರೆ?"

"ಅದನ್ನೇ ಯೋಚಿಸ್ತಿದ್ದೀನಿ ಕಣೆ. ನೀನು ಮತ್ತೆ ಕೇಳ್ಬೇಡ." ಯೊಂಜು ಮೊಣಕಾಲೂರಿ ಗಾಜು ಆಯತೊಡಗಿದಳು. "ನಿಮ್ಮಿಬ್ಬರ ನಗು ನೋಡಿ ಮೈಯೆಲ್ಲ ಉರೀತು. ನಾನು ಇಷ್ಟು ವರ್ಷ ಮಾಡಿದ್ದು ಒಂದ್ಸಲಾನೂ ಅವರನ್ನ ಸೋಫಾದಿಂದ ಎಬ್ಬಿಸಲಿಲ್ಲ."

ಸೇರೊಮ್ ಪೊರಕೆಯನ್ನು ಗೋಡೆಗೆ ಬಡಿದಂತೆ ಒರಗಿಸಿದಳು. "ನಂಗೇನು ಸುಖ ಅಂದ್ಕೊಂಡ್ರಾ? ಸಾರು ಮಾಡಿದ್ರೆ, ಹಾರಿನ್ ಅಮ್ಮ ಮಾಡೋ ಹಾಗಿಲ್ಲ. ಬಟ್ಟೆ ಮಡಿಸಿದ್ರೆ, ಹಾರಿನ್ ಅಮ್ಮ ಹೀಗೆ ಮಡಿಸಲ್ಲ. ದಿನಾ ಇದೇ. ನಿಮ್ಮ ಹೆಸರು ಕೇಳಿದ್ರೆ ಸಾಕು, ಊಟ ಸೇರಲ್ಲ ನಂಗೆ. ಈ ಮರ ಒಂದ್ರಲ್ಲಾದ್ರೂ ನಿಮ್ಮನ್ನ ಮೀರಿಸೋಣ ಅಂತ ನಾನೇ ಕೇಳಿ ಇಸ್ಕೊಂಡೆ."

ಯೊಂಜು ತಲೆಯೆತ್ತಿದಳು. ಅತ್ತೆ ತನ್ನನ್ನು ಹೊಗಳಬಹುದೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. "ಸಾರಿಗಾ? ನನ್ನ ಮುಂದೆ ಉಪ್ಪು ಜಾಸ್ತಿ ಅಂತಿದ್ರು" ಎಂದಳು.

"ಹಾಗಿದ್ರೆ ನನ್ನ ಹಿಂದೆ ನನ್ನನ್ನೂ ಹೊಗಳ್ತಿರ್ಬಹುದು."

"ಇಲ್ಲ. ನಿನ್ನನ್ನ ನನ್ನ ಮುಂದೇನೇ ಹೊಗಳ್ತಾರೆ."

ಇಬ್ಬರಿಗೂ ನಗು ಬರಲಿಲ್ಲ. ಆದರೂ ಸಂಜೆಗೆ ಚರ್ಚಿನ ಹೆಂಗಸರು ಬರುವವರಿದ್ದರು. ಮರ ಎತ್ತಲೇಬೇಕಿತ್ತು. ಯೊಂಜು ರಟ್ಟು ಮಡಿಸಿ ಇಟ್ಟು, ಕಾಂಡ ಹಿಡಿದು, ಕಿಟಕಿಯ ಪಕ್ಕ ದಾರ ಬಿಗಿದಳು. ಸೇರೊಮ್ ಉಳಿದ ಗುಂಡುಗಳನ್ನು ಮತ್ತೆ ತೂಗಿಸಿದಳು. ಖಾಲಿ ಬಿದ್ದ ಕೊಂಬೆಗಳನ್ನು ನೋಡಿ ಒಲ್ಲದ ಮನಸ್ಸಿನಿಂದ, "ನಿಮ್ಮ ಹಕ್ಕಿ ಹಾಕ್ಲಾ?" ಎಂದಳು.

"ಬೇಡ. ನಿನ್ನ ಬಣ್ಣ ಕೆಡತ್ತೆ. ಆ ಖಾಲಿ ಕಡೆಯನ್ನ ಗೋಡೆಗೆ ತಿರುಗಿಸು."

ಹೆಂಗಸರು ಬಂದಾಗ ಅತ್ತೆಯೂ ಸ್ವೆಟರ್ ಸರಿಮಾಡಿಕೊಳ್ಳುತ್ತ ನಗುಮುಖದಿಂದ ಹೊರಬಂದರು. ಒಬ್ಬಾಕೆ ಮರದ ಮುಂದೆ ನಿಂತು, "ಈ ವರ್ಷ ಕಣ್ಣು ಕೀಳೋಕೇ ಆಗಲ್ಲ. ಯಾರು ಮಾಡಿದ್ದು?" ಎಂದು ಕೇಳಿದಳು.

"ಸಣ್ಣ ಸೊಸೆ" ಎಂದರು ಅತ್ತೆ. ಯೊಂಜುವಿನ ಕಡೆ ನೋಡಲಿಲ್ಲ.

"ಅಕ್ಕ ಇಲ್ದಿದ್ರೆ ನಿಲ್ತಾನೇ ಇರ್ಲಿಲ್ಲ" ಎಂದಳು ಸೇರೊಮ್. ಅದು ಕೃತಜ್ಞತೆಯೋ ಚುಚ್ಚುಮಾತೋ ಯೊಂಜುವಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಕೆಂಡ ಇನ್ನೂ ಆರಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಎಲ್ಲರಿಗೂ ಸಾರು ಬಡಿಸಿಕೊಂಡು ಬಂದಳು.

ಕರೆದೊಯ್ಯಲು ಬಂದಿದ್ದ ದೂಸೊಕ್ ವಾಪಸ್ಸು ಬರುವಾಗ ಕಾರಿನಲ್ಲಿ, "ಮರ ಹೇಗಿತ್ತು?" ಎಂದ.

ಸಿಗ್ನಲ್ ದಾಟುವವರೆಗೂ ಯೊಂಜು ಮಾತಾಡಲಿಲ್ಲ.

"ನನಗಿಂತ ಚೆನ್ನಾಗಿ ಮಾಡಿದ್ದಾಳೆ ರೀ" ಎಂದಳು ಆಮೇಲೆ. ಆ ಮಾತು ಹೊರಬರುವುದಕ್ಕೆ ಅಷ್ಟು ದೂರ ಬೇಕಾಯಿತು.