ನಮ್ಮೂರ ಹುಡುಗನ ಬಂಕು

ಆಷಾಢದ ಮಳೆ ಇಡೀ ರಾತ್ರಿ ಸುರಿದು ಬೆಳಗಿನ ಐದೂವರೆಗೆ ನಿಂತಿತ್ತು. ಚನ್ನಕ್ಕನ ಮನೆಯ ಕಷ್ಟ ಶುರುವಾದದ್ದು ಆ ಹೊತ್ತಿಗೆ.

ಚನ್ನಕ್ಕ, ಅವಳ ಗಂಡ ಕಾಶಿನಾಥ ಗದಗದ ಕಡೆಯವರು. ಬೆಂಗಳೂರಿನ ಅಂಚಿನ ಸಿಂಗಾಪುರ ಬಡಾವಣೆಯಲ್ಲಿ ಲಕ್ಷ್ಮಿದೇವಮ್ಮನ ಹಿತ್ತಲಿನ ಶೀಟಿನ ಮನೆಯಲ್ಲಿ ಏಳು ವರ್ಷದಿಂದ ಬಾಡಿಗೆಗಿದ್ದರು. ಇಬ್ಬರ ಬದುಕೂ ಒಂದು ಡೀಸೆಲ್ ಗೂಡ್ಸ್ ಗಾಡಿಯ ಮೇಲೆ ನಿಂತಿತ್ತು. ದಿನಾ ಹೆಸರಘಟ್ಟದ ತೋಟಗಳಿಂದ ಸೊಪ್ಪು ತುಂಬಿ ಯಲಹಂಕದ ಮಾರುಕಟ್ಟೆಗೆ ಮುಟ್ಟಿಸಬೇಕು. ಸೊಪ್ಪು ಯಾರಿಗೂ ಕಾಯುವುದಿಲ್ಲ.

ದಾರಿಯ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿಯುತ್ತಿದ್ದವನು ಅವರದೇ ಊರಿನ ವಿಶ್ವನಾಥ. ಬೆಂಗಳೂರಿಗೆ ಬಂದ ಮೊದಲ ತಿಂಗಳು ಚನ್ನಕ್ಕನ ರೊಟ್ಟಿ ಉಂಡೇ ದಿನ ಕಳೆದವನು.

ಆವತ್ತು ಬಂಕಿನ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ನೆಲದೊಳಗಿನ ಟ್ಯಾಂಕಿನ ಮುಚ್ಚಳ ಕೂಡ ಕಾಣುತ್ತಿರಲಿಲ್ಲ.

“ಮೆಕ್ಯಾನಿಕ್ ಅತಾವುಲ್ಲಾ ಹೇಳಿದ್ದು ನೆನಪೈತಿಲ್ಲ?” ಕಾಶಿನಾಥ ಮೆಲ್ಲಗೆ ಅಂದ. “ಮಳಿ ಆದ ಮ್ಯಾಲ ಡೀಸೆಲ್ ಗಾಜಿನ ಜಾಡಿನ್ಯಾಗ ಹಿಡಿಸಿ ನೀರು ಬೆರೆತೈತೇನ ನೋಡು ಅಂದಿದ್ದ. ಕೇಳ್ಲಿ?”

ಚನ್ನಕ್ಕ ಅವನ ತೋಳು ಚಿವುಟಿದಳು. “ನಾಚಿಕಿ ಬರೂದಿಲ್ಲೇನ್ರಿ? ನಮ್ಮ ಹುಡುಗನ ಮ್ಯಾಲ ಸಂಶೆ ಪಟ್ಟಂಗ ಆಗ್ತೈತಿ.”

ಡೀಸೆಲ್ ಹಾಕಿ ನೋಟು ಎಣಿಸಿಕೊಂಡ ವಿಶ್ವನಾಥ ಕೇಳಿದ, “ಬಿಲ್ ಕೊಡ್ಲೇನ ಚಿಗವ್ವ?”

“ಹೋಗೋ! ನಮ್ಮ ನಮ್ಮೊಳಗ ಚೀಟಿ ಎಂಥಾದ್ದೋ?” ಎಂದು ಅವಳೇ ನಕ್ಕಳು.

ಸೊಪ್ಪು ತುಂಬಿಕೊಂಡು ಬರುವಾಗ ಗಾಡಿ ಜಗ್ಗಿತು, ಕೆಮ್ಮಿತು, ನಡುರಸ್ತೆಯಲ್ಲಿ ನಿಂತಿತು. ಕಾಶಿನಾಥ ಮತ್ತೆ ಮತ್ತೆ ಕೀಲಿ ತಿರುಗಿಸಿದ. ಬಿಸಿಲೇರಿತು. ಕೊತ್ತಂಬರಿ, ಮೆಂತ್ಯ, ದಂಟು ಚೀಲದಲ್ಲೇ ಬೆಂದು ಬಾಡಿದವು.

ಅತಾವುಲ್ಲಾ ಬಂದು ಟ್ಯಾಂಕಿನಿಂದ ಒಂದು ಬಾಟಲಿ ಇಳಿಸಿ ಬೆಳಕಿಗೆ ಹಿಡಿದ. ಮೇಲೆ ಡೀಸೆಲ್, ತಳದಲ್ಲಿ ನಾಲ್ಕು ಬೆರಳು ನೀರು.

“ಪಂಪ್ ಹೋಯ್ತು, ಇಂಜಿನ್ನಿಗೂ ಏಟು ಬಿದ್ದೈತೆ. ನಿಂತ್ಮೇಲೆ ಸ್ಟಾರ್ಟ್ ಮಾಡಬಾರ್ದಿತ್ತು ಕಾಶಣ್ಣ. ಬಿಲ್ ಕೊಡು, ಬಂಕಿಗೆ ಹೋಗಿ ಕೇಳಣ.”

ಬಿಲ್ ಇಲ್ಲದೆಯೇ ಮೂವರೂ ಬಂಕಿಗೆ ಹೋದರು.

“ಇಲ್ಲೇ ಹಾಕ್ಸಿದ್ರಿ ಅಂತ ಏನ್ರೀ ಗ್ಯಾರಂಟಿ? ಬಿಲ್ ಇದ್ಯಾ?” ಎಂದ ಬಂಕಿನ ಮಾಲೀಕ. ಚನ್ನಕ್ಕ ವಿಶ್ವನಾಥನ ಮುಖ ನೋಡಿದಳು. ಅವನು ನೆಲ ನೋಡಿದ. “ದಿನಾ ನೂರಾರು ಗಾಡಿ ಬರ್ತಾವ ಚಿಗವ್ವ. ನನಗ ಹೆಂಗ ನೆನಪಿರ್ತೈತಿ?”

ಮೂರನೇ ದಿನಕ್ಕೆ ತೋಟದವರು ಬೇರೆ ಗಾಡಿ ಹಿಡಿದರು. ಇಂಜಿನ್ ಬಿಚ್ಚಿಸುವ ಶಕ್ತಿಯಿಲ್ಲದೆ ಇವರು ಗಾಡಿಯನ್ನು ಇದ್ದ ಹಾಗೇ ಬಂದ ಬೆಲೆಗೆ ಕೊಟ್ಟರು.

“ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರಕ್ಕೆ ಜಾಗ ಇಲ್ಲ ಅಂತಾರೆ ಕಣವ್ವ,” ಎಂದರು ಲಕ್ಷ್ಮಿದೇವಮ್ಮ. “ಕೇಳಿದ್ರೆ ಅವನೇನ್ ಕಚ್ಚತಿದ್ನಾ?”

“ಇನ್ನ ಕೇಳೇ ಕೇಳ್ತೀನ್ರಿ ಅಮ್ಮಾರ. ಆದ್ರ ಕೇಳಾಕ ಗಾಡಿನ ಇಲ್ಲ.”

ಸೋಮವಾರ ಲಕ್ಷ್ಮಿದೇವಮ್ಮನ ಮೊಮ್ಮಗಳು ನಯನಾ ಸ್ಕೂಟರಿಗೆ ಪೆಟ್ರೋಲ್ ಹಾಕಿಸಲು ಹೊರಟಾಗ ಚನ್ನಕ್ಕನೂ ಹಿಂದೆ ಕೂತಳು. ನಯನಾ ಇನ್ನೊಂದು ಬಂಕಿನಲ್ಲಿ, “ಅಣ್ಣಾ, ಫಿಲ್ಟರ್ ಪೇಪರ್ ಕೊಡಿ,” ಅಂದಳು. ಆತ ತಕ್ಷಣ ಕೊಟ್ಟು, ಅದರ ಮೇಲೆ ಪೆಟ್ರೋಲಿನ ಒಂದು ಹನಿ ಬಿಟ್ಟ. ಎರಡು ನಿಮಿಷದಲ್ಲಿ ಹನಿ ಆರಿತು, ಕಲೆ ಉಳಿಯಲಿಲ್ಲ; ಅಂದರೆ ಕಲಬೆರಕೆಯಿಲ್ಲ. ಬಿಲ್ಲನ್ನೂ ಕೊಟ್ಟ.

ಚನ್ನಕ್ಕ ಆ ಫಿಲ್ಟರ್ ಪೇಪರನ್ನು ಬೆಳಕಿಗೆ ಹಿಡಿದು ನೋಡಿದಳು. “ಇಷ್ಟ ಏನವಾ?” ಅಂದಳು. “ಇಷ್ಟಕ್ಕ ನಾಚಿಕೊಂಡ್ನೇನ ನಾನು?”

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಪೈಪು ಹಿಡಿದವನು ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಆಗಿರಲಿ, ಕೇಳಿ. ಪೆಟ್ರೋಲಿಗೆ ಫಿಲ್ಟರ್ ಪೇಪರ್ ಕೇಳಿ. ಡೀಸೆಲ್ ಆದರೆ ಗಾಜಿನ ಜಾಡಿಯಲ್ಲಿ ಹಿಡಿಸಿ ಸಾಂದ್ರತೆ ನೋಡಿಸಿ. ಇದಕ್ಕೆ ಕಾಸು ಕೊಡಬೇಕಿಲ್ಲ, ಇದು ನಿಮ್ಮ ಹಕ್ಕು. ಮಳೆ ನಿಂತ ಮೇಲಂತೂ ಮರೆಯಬೇಡಿ. ಬಿಲ್ ಜೋಪಾನ ಮಾಡಿ. ಅನುಮಾನ ಬಂದರೆ ಅಲ್ಲೇ ದೂರಿನ ಪುಸ್ತಕ ಇರುತ್ತದೆ, ಬರೆಯಿರಿ, ಬರೆಸಿ. ಹಾಕಿಸಿದ ಮೇಲೆ ಗಾಡಿ ನಿಂತರೆ ಮತ್ತೆ ಕೀಲಿ ಮುಟ್ಟಬೇಡಿ.

ಗಾಡಿ ಹೋದ ಮೇಲೆ ಇಬ್ಬರೂ ಊರಿಗೆ ಹೊರಟು ನಿಂತರು. ಮಂಗಳವಾರ ಅಶುಭ, ಅವತ್ತು ಮನೆ ಬಿಡಬೇಡಿ ಎಂದು ಲಕ್ಷ್ಮಿದೇವಮ್ಮ ಅಂಗಲಾಚಿದರು. ಚನ್ನಕ್ಕ, ಕಾಶಿನಾಥ ಆ ಮಂಗಳವಾರವೇ ಯಶವಂತಪುರದಲ್ಲಿ ಗದಗದ ರೈಲು ಹತ್ತಿ ಹೋದರು.