ಇದೊಂದು ಸೀಟು

ಮೆಕ್ಯಾನಿಕ್ ಮಂಡಿಯೂರಿ ಬಸ್ಸಿನಲ್ಲಿ ಉಳಿದಿದ್ದ ಕೊನೆಯ ಸೀಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವಷ್ಟರಲ್ಲಿ ಅವಳು ಹೋಗಿ ಅದರ ಮೇಲೆ ಕೂತುಬಿಟ್ಟಳು.

"ಅತ್ತಿಗೆ, ಏಳಿ. ಇದೊಂದು ಬಿಚ್ಚಿದ್ರೆ ಅಣ್ಣನ್ನ ಮಲಗಿಸೋಕೆ ಸಲೀಸಾಗುತ್ತೆ."

"ಇದೊಂದು ಇರ್ಲಿ ಬಿಡಿ. ನಾನು ಇಲ್ಲೇ ಕೂತು ಅವರ ಜೊತೆ ಬರ್ತೀನಿ."

ಮೆಕ್ಯಾನಿಕ್ ಬಸ್ಸಿನ ಬಾಗಿಲ ಕಡೆ ನೋಡಿದ. ಅಲ್ಲಿ ನೌಕರರ ಸಂಘದ ಉಪಾಧ್ಯಕ್ಷ ನಿಂತಿದ್ದ. ತಲೆಯೆಲ್ಲ ಬೆಳ್ಳಗಾಗಿದ್ದ ಅವನೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ.

"ಮನೆಯವರಿಗೆ ಹಿಂದೆ ವ್ಯಾನ್ ಇದೆ ಅತ್ತಿಗೆ. ನಿಮ್ಮತ್ತೆ ಆಗ್ಲೇ ಹತ್ತಿ ಕೂತಿದ್ದಾರೆ. ಇಲ್ಲಿ ಪದಾಧಿಕಾರಿಗಳು ಸುತ್ತ ನಿಲ್ಬೇಕು. ಅಧ್ಯಕ್ಷರು ಅಂದ್ರೆ ನಿಮ್ಮೊಬ್ರಿಗೇ ಸೇರಿದವರಾ? ಊರಿಗೆಲ್ಲ ಸೇರಿದವರು."

"ಗೊತ್ತು. ಊರು ನಿಂತ್ಕೊಂಡು ಬರ್ಲಿ. ನಾನು ಕೂತಿರ್ತೀನಿ."

ಮೆಕ್ಯಾನಿಕ್ ಸ್ಪ್ಯಾನರನ್ನು ಜೇಬಿಗಿಳಿಸಿದ.

ನಿನ್ನೆ ಬೆಳಿಗ್ಗೆ ಶೂ ಕಟ್ಟಿಕೊಳ್ಳಲು ಬಗ್ಗಿದ ಗಂಡ ಮತ್ತೆ ಮೇಲೇಳಲಿಲ್ಲ. ಆಗಿನಿಂದ ಅವನ ಪಕ್ಕ ಒಂದು ಗಳಿಗೆ ಕೂರಲು ಅವಳಿಗೆ ಆಗಿರಲಿಲ್ಲ. ಆಸ್ಪತ್ರೆಯಿಂದ ನೇರ ಡಿಪೋಗೆ ತಂದಿದ್ದರು. ಅಲ್ಲಿ ಜನ, ಹಾರ, ಭಾಷಣ. ಅವನು ಓಡಿಸುತ್ತಿದ್ದ ಬಸ್ಸಿನಲ್ಲೇ ಅವನನ್ನು ಸ್ಮಶಾನಕ್ಕೆ ಒಯ್ಯಬೇಕೆಂದು ಸಂಘದವರು ತೀರ್ಮಾನಿಸಿದ್ದರು. ಇನ್ನು ಆ ದಾರಿಯಷ್ಟೇ ಉಳಿದಿತ್ತು.

*

ಮನೆಯಲ್ಲಿದ್ದರೂ ಅವನು ಹೊರಗಿನ ಮೆಟ್ಟಿಲ ಮೇಲೆಯೇ ಇರುತ್ತಿದ್ದ. ಡ್ಯೂಟಿ ಮುಗಿಸಿ ಬಂದವನ ಬೆನ್ನಿಗೇ ಯಾರಾದರೂ ಬರುತ್ತಿದ್ದರು: ರಜೆ ಸಿಗದವರು, ಸಸ್ಪೆಂಡ್ ಆದವರು, ಹೆಂಡತಿಯ ಹತ್ತಿರ ಜಗಳವಾಡಿ ಬಂದವರು. ಡಿಪೋದಲ್ಲಿ ಮಹಿಳಾ ಕಂಡಕ್ಟರುಗಳ ಶೌಚಾಲಯಕ್ಕೆ ಚಿಲಕ ಹಾಕಿಸಲು ತಿಂಗಳುಗಟ್ಟಲೆ ಅಧಿಕಾರಿಗಳ ಬೆನ್ನು ಹತ್ತಿದವನಿಗೆ ತನ್ನ ಮನೆಯ ಬಚ್ಚಲಿನ ಚಿಲಕ ಮುರಿದದ್ದು ಕಣ್ಣಿಗೆ ಬಿದ್ದಿರಲಿಲ್ಲ.

"ಮನೇದೂ ಒಂದು ಅಹವಾಲಿದೆ. ನಾನೂ ಮೆಟ್ಟಿಲ ಮೇಲೆ ಬಂದು ಕೂರ್ಬೇಕಾ?"

"ಬಾ, ಕೂರು. ಸರದಿ ಪ್ರಕಾರ ಕೇಳ್ತೀನಿ."

ಅವಳು ಸಿಟ್ಟಿನಿಂದ ನಿಜವಾಗಿಯೂ ಹೋಗಿ ಕೂತಳು. ಮುಂದಿದ್ದ ಇಬ್ಬರು ಡ್ರೈವರುಗಳು ಗಾಬರಿಬಿದ್ದು ಎದ್ದು ಹೊರಟೇಹೋದರು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಚಿಲಕ ಹಾಕಿಕೊಟ್ಟ. ತಲೆಕೆಳಗಾಗಿ ಹಾಕಿದ್ದ.

ಮೆಟ್ಟಿಲು ಖಾಲಿಯಾದ ಸಂಜೆಗಳಲ್ಲಿ ಊಟದ ತಟ್ಟೆಯೇ ಸ್ಟೇರಿಂಗ್. ಮಗಳು ಕಂಡಕ್ಟರ್. "ಅಡುಗೆಮನೆ, ಅಡುಗೆಮನೆ! ಯಾರ್ರೀ ಹತ್ತೋರು?" ಕೈಯಲ್ಲಿ ಸೌಟು ಹಿಡಿದೇ ಅವಳು ಹತ್ತಬೇಕಿತ್ತು.

"ಸೌಟಿಗೆ ಲಗೇಜ್ ಚಾರ್ಜ್ ತಗೋ ಪುಟ್ಟಿ," ಎನ್ನುತ್ತಿದ್ದ ಅವನು. "ಮನೆಯವರು ಅಂತ ಬಿಡಬಾರದು."

*

ಬಸ್ಸು ಹೊರಟಿತು. ಸೀಟೇನೋ ಸಿಕ್ಕಿತ್ತು, ಗಂಡ ಮಾತ್ರ ಕಾಣುತ್ತಿರಲಿಲ್ಲ. ಪದಾಧಿಕಾರಿಗಳು ಅವನ ಸುತ್ತ ಗೋಡೆಯಂತೆ ನಿಂತಿದ್ದರು. ಅವಳ ಕಣ್ಣ ಮುಂದೆ ಬರೀ ಬೆನ್ನು, ಬೆಲ್ಟು. ಸಂದಿಯಲ್ಲಿ ಅವನ ಎಡಗಾಲಿನ ಹೆಬ್ಬೆರಳಷ್ಟೇ ಕಂಡಿತು. ಅದನ್ನೇ ನೋಡುತ್ತ ಕೂತಳು. ಮಗಳು ಪಕ್ಕದಲ್ಲಿ ಒರಗಿ ನಿದ್ದೆ ಹೋಗಿದ್ದಳು.

ಮಾರುಕಟ್ಟೆ ದಾಟುತ್ತಿದ್ದಂತೆ ಬಸ್ಸು ನಿಧಾನವಾಗಿ ಎಡಕ್ಕೆ ಸರಿದು ನಿಂತಿತು. ಹಿಂಬಾಗಿಲು ತೆರೆಯಿತು.

"ಯಾಕೋ ನಿಲ್ಲಿಸ್ದೆ?" ಉಪಾಧ್ಯಕ್ಷ ಮುಂದಕ್ಕೆ ಕೂಗಿದ.

"ಸ್ಟಾಪಲ್ವಾ ಸರ್," ಎಂದವನೇ ಡ್ರೈವರ್ ಹಣೆ ಚಚ್ಚಿಕೊಂಡ. "ಜನ ನಿಂತಿದ್ದು ಕಂಡೆ. ಕಾಲು ತಾನಾಗೇ ಬ್ರೇಕಿಗೆ ಹೋಯ್ತು."

ಅಷ್ಟರಲ್ಲಿ ಒಬ್ಬ ಅಜ್ಜಿ ತರಕಾರಿ ಚೀಲದ ಸಮೇತ ಹತ್ತಿಯಾಗಿತ್ತು.

"ಇದು ಲೈನ್ ಗಾಡಿ ಅಲ್ಲ ಅಜ್ಜಿ, ಇಳೀರಿ."

"ಮೂರು ಬಸ್ಸು ನಿಲ್ಲಿಸ್ದೇ ಹೋದ್ವು. ನಿಲ್ಲಿಸಿದ್ದೊಂದೂ ಇಳಿ ಅನ್ನುತ್ತಲ್ಲ!" ಎನ್ನುತ್ತ ಬಂದ ಅಜ್ಜಿಗೆ ಹೂವು ಕಂಡಿತು. ದನಿ ಇಳಿಯಿತು. "ಯಾರಪ್ಪಾ ಇವರು?"

"ನಮ್ಮ ಸಂಘದ ಅಧ್ಯಕ್ಷರು."

"ಹಿಂದೆ ಮುಂದೆ ಯಾರೂ ಇಲ್ವಾ ಪಾಪ? ಬರೀ ಸಂಘದವರೇ ನಿಂತಿದ್ದೀರಲ್ಲ."

ಉಪಾಧ್ಯಕ್ಷ ಕೆಮ್ಮಿದ.

"ನಾನಿದ್ದೀನಿ ಅಜ್ಜಿ," ಬೆನ್ನುಗಳ ಹಿಂದಿನಿಂದ ಅವಳು ಹೇಳಿದಳು. "ಇವರು ನಮ್ಮ ಯಜಮಾನ್ರು."

ಬೆನ್ನುಗಳು ತಿರುಗಿದವು. ಒಬ್ಬೊಬ್ಬರೇ ಕಿಟಕಿಗಳ ಕಡೆಗೆ ಸರಿದರು. ನಿನ್ನೆಯಿಂದ ಮೊದಲ ಸಲ ಅವಳಿಗೆ ಅವನು ಪೂರ್ತಿಯಾಗಿ ಕಂಡ. ಗಲ್ಲದ ಕೆಳಗೆ ಒಂದಿಷ್ಟು ಗಡ್ಡ ಉಳಿದುಬಿಟ್ಟಿತ್ತು. ಯಾರು ಬೋಳಿಸಿದರೋ, ಅವಸರದಲ್ಲಿ ಬೋಳಿಸಿದ್ದರು. ಅವಳು ಬಗ್ಗಿ ಆ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಚುಚ್ಚಿತು. ಬೆರಳನ್ನು ಅಲ್ಲೇ ಇಟ್ಟುಕೊಂಡಳು.

"ನಾನು ಇಳೀತೀನಿ ತಾಯಿ," ಎಂದಿತು ಅಜ್ಜಿ.

"ಬೇಡ ಅಜ್ಜಿ. ಹತ್ತಿದವರನ್ನ ಇಳಿಸೋದು ಬೇಡ."

ಮಗಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯನ್ನು ಮತ್ತೆ ಗಂಡನ ಗಲ್ಲಕ್ಕಿಟ್ಟಳು. ಅಜ್ಜಿ ಪಕ್ಕದಲ್ಲಿ ಕೂತು ಚೀಲವನ್ನು ಕಾಲ ಸಂದಿಗೆ ಎಳೆದುಕೊಂಡಿತು. ಬಸ್ಸು ಚಲಿಸಿತು.

ಮುಂದಿನ ನಿಲ್ದಾಣದಲ್ಲಿ ಗಂಡ ಹೆಂಡತಿ ಇಬ್ಬರು ಕೈ ತೋರಿಸುತ್ತ ನಿಂತಿದ್ದರು. ಡ್ರೈವರ್ ವೇಗ ಇಳಿಸಿದ. ಈ ಸಲ ಉಪಾಧ್ಯಕ್ಷನ ಕಡೆ ತಿರುಗಲಿಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ಅವಳ ಮುಖ ಹುಡುಕಿದ. ಅವಳು ಹೂಂ ಎಂದು ತಲೆಯಾಡಿಸಿ, ಒಂದು ಕೈ ಗಂಡನ ಗಲ್ಲದ ಮೇಲಿದ್ದಂತೆಯೇ, ಮಗಳ ಕಾಲನ್ನು ಇನ್ನೊಂದು ಕೈಯಿಂದ ಒಳಕ್ಕೆಳೆದು ದಾರಿ ಬಿಟ್ಟಳು.